‘ಒಂದ್ಸಲ ಸ್ಟೇಷನ್‌ಗೆ ಬಂದು ಹೋಗಿ’ ಅಂದಾಗ

ಸ್ಟೇಷನ್‌ನಿಂದ ಫೋನ್ ಬಂದರೆ ಕೆಲವರು ಮೊಬೈಲ್ ಸ್ವಿಚ್ ಆಫ್ ಮಾಡಿ ಊರು ಬಿಡುತ್ತಾರೆ. ಇನ್ನು ಕೆಲವರು ಹೋಗಿ, ಮುಂದಿಟ್ಟ ಹಾಳೆಗೆಲ್ಲ ಸಹಿ ಹಾಕಿ ಬರುತ್ತಾರೆ. ಜಾಮೀನು ಅರ್ಜಿ ಹಾಕುವಾಗ ಮೊದಲನೆಯದು ಕಾಡುತ್ತದೆ, ಸಾಕ್ಷ್ಯ ನಡೆಯುವಾಗ ಎರಡನೆಯದು.

ಫೋನಿನಲ್ಲೇ ಕೇಳಬೇಕಾದ ಪ್ರಶ್ನೆ ಒಂದಿದೆ: ಎಫ್‌ಐಆರ್ ಆಗಿದೆಯಾ, ಕ್ರೈಂ ನಂಬರ್ ಎಷ್ಟು? ಬರೀ ಎನ್‌ಸಿಆರ್ (ಪೊಲೀಸರು ತಾವಾಗಿ ತನಿಖೆ ಮಾಡಲಾಗದ ಸಣ್ಣ ಅಪರಾಧದ ದಾಖಲೆ) ಆಗಿದ್ದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಎಫ್‌ಐಆರ್ ಆಗಿದ್ದರೆ ಅದನ್ನು 24 ಗಂಟೆಯೊಳಗೆ ವೆಬ್‌ಸೈಟ್‌ಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ರಾಜ್ಯ ಪೊಲೀಸ್ ವೆಬ್‌ಸೈಟ್‌ನಲ್ಲಿ ಹುಡುಕಿ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳು ಅಲ್ಲಿ ಸಿಗುವುದಿಲ್ಲ. ಅವುಗಳ ಎಫ್‌ಐಆರ್ ಪ್ರತಿಗೆ ಕೋರ್ಟಿನಲ್ಲಿ ಅರ್ಜಿ ಹಾಕಬಹುದು.

ಸೆಕ್ಷನ್ ನಂಬರುಗಳಲ್ಲಿ ಜನ ಎಡವುವುದು ಸಹಜ. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಬಂದಿದೆ. ಹಳೆಯದರಲ್ಲಿ 482 ಅಂದರೆ ಹೈಕೋರ್ಟಿನಲ್ಲಿ ಕೇಸು ರದ್ದು ಮಾಡಿಸುವುದು, ಹೊಸದರಲ್ಲಿ 482 ಅಂದರೆ ನಿರೀಕ್ಷಣಾ ಜಾಮೀನು, ಅಂದರೆ ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು. ರದ್ದತಿ ಈಗ 528ಕ್ಕೆ ಹೋಗಿದೆ.

ಅರೆಸ್ಟ್ ಮಾಡ್ತಾರಾ? ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸಾಮಾನ್ಯವಾಗಿ ಮೊದಲು ಬರಬೇಕಾದ್ದು ಬಿಎನ್‌ಎಸ್‌ಎಸ್ 35(3)ರ ನೋಟಿಸ್, ಅಂದರೆ ಪೊಲೀಸರ ಮುಂದೆ ಹಾಜರಾಗಿ ಎಂಬ ಸೂಚನೆ. ವಾಟ್ಸಾಪ್‌ನಲ್ಲಿ ಕಳಿಸಿದರೆ ಅದು ಜಾರಿಯಾದಂತಲ್ಲ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಿದೆ. ಹಾಗಂತ ಸುಮ್ಮನೆ ಕೂರಬೇಡಿ. ಕರೆದ ದಿನ ಹೋಗಲಾಗದಿದ್ದರೆ ಕಾರಣ ಬರೆದು ಪತ್ರ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಅವರು ತೆಗೆದುಕೊಳ್ಳದಿದ್ದರೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ನೋಟಿಸಿಗೆ ತಕ್ಕಂತೆ ಹಾಜರಾಗುತ್ತಿರುವವರನ್ನು ಬಂಧಿಸಬೇಕಾದರೆ ಅಧಿಕಾರಿ ಕಾರಣ ಬರೆದಿಡಬೇಕು. ತಪ್ಪಿಸಿಕೊಂಡರೆ ಆ ಕಾರಣವನ್ನು ನೀವೇ ಕೊಟ್ಟಂತಾಗುತ್ತದೆ.

ಇನ್ನು ಸಹಿ. ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಹೇಳಿದವರ ಸಹಿ ಪಡೆಯುವಂತಿಲ್ಲ (ಸೆಕ್ಷನ್ 181). ಆದರೂ ‘ಸ್ವಇಚ್ಛಾ ಹೇಳಿಕೆ’ ಎಂಬ ತಲೆಬರಹದ ಹಾಳೆ ಮುಂದೆ ಬರುತ್ತದೆ. ಪೊಲೀಸರೆದುರಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲದು, ನಿಜ. ಆದರೆ ‘ಇಂಥ ಕಡೆ ಇಟ್ಟಿದ್ದೇನೆ, ತೋರಿಸುತ್ತೇನೆ’ ಎಂಬ ಸಾಲಿನಿಂದ ವಸ್ತು ಸಿಕ್ಕಿ ಮಹಜರಾದರೆ (ಸಾಕ್ಷಿಗಳ ಮುಂದೆ ದಾಖಲಾದರೆ) ಅಷ್ಟು ಭಾಗ ನಿಲ್ಲುತ್ತದೆ. ಖಾಲಿ ಹಾಳೆಗಂತೂ ಬೇಡವೇ ಬೇಡ.

ಬಂಧಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಕೀಲರಿಗೆ ದುಡ್ಡಿಲ್ಲದಿದ್ದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಕಸ್ಟಡಿಯಲ್ಲಿರುವವರಿಗೆ ಉಚಿತ ವಕೀಲರನ್ನು ಕೊಡುವಾಗ ಆದಾಯ ನೋಡುವುದಿಲ್ಲ.

ಜಾಮೀನು ಸಿಕ್ಕಿತು, ಮನುಷ್ಯ ಮಾತ್ರ ಹೊರಗೆ ಬಂದಿಲ್ಲ. ಇದಕ್ಕೆ ಎಷ್ಟೋ ಸಲ ಕಾರಣ ಶ್ಯೂರಿಟಿಯ (ಜಾಮೀನಿಗೆ ನಿಲ್ಲುವವರ) ಪಹಣಿ. ಜಮೀನು ಉಳುತ್ತಿರುವವರು ಅವರೇ, ಆದರೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗದೆ ಪಹಣಿಯಲ್ಲಿ ಇನ್ನೂ ತೀರಿಹೋದ ಅಪ್ಪನ ಹೆಸರು. ಅಥವಾ ಆಧಾರ್‌ನಲ್ಲಿ ‘ಮಂಜಪ್ಪ’, ಪಹಣಿಯಲ್ಲಿ ‘ಮಂಜುನಾಥ’. ಕೋರ್ಟು ಒಪ್ಪುವುದಿಲ್ಲ, ಸಂಜೆಯೊಳಗೆ ಬಿಡುಗಡೆ ಆದೇಶ ಜೈಲಿಗೆ ತಲುಪುವುದಿಲ್ಲ, ಇನ್ನೊಂದು ರಾತ್ರಿ ಒಳಗೇ. ಜಾಮೀನು ಅರ್ಜಿ ಹಾಕಿದ ದಿನವೇ ಹೊಸ ಪಹಣಿ ಇಲ್ಲವೇ ಮನೆ ಕಂದಾಯದ ರಸೀದಿ, ಆಧಾರ್, ಫೋಟೋ ಜೋಡಿಸಿ ಹೆಸರು ತಾಳೆ ನೋಡಿ. ಶ್ಯೂರಿಟಿ ಎಷ್ಟು ಜನ ಎಂಬುದು ಆದೇಶದಲ್ಲಿರುತ್ತದೆ. ಒಬ್ಬರನ್ನು ಹೆಚ್ಚಿಗೆ ಕರೆದುಕೊಂಡು ಹೋಗುವುದು ಜಾಣತನ.

ಚಾರ್ಜ್‌ಶೀಟ್ ತಡವಾದರೆ ತಾನಾಗಿ ಬಿಡುತ್ತಾರೆ ಎಂಬ ನಂಬಿಕೆಯೂ ಇದೆ. ಬಿಡುವುದಿಲ್ಲ. ಮರಣದಂಡನೆ, ಜೀವಾವಧಿ, ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಕ್ಕೆ 90 ದಿನ, ಉಳಿದವಕ್ಕೆ ಸಾಮಾನ್ಯವಾಗಿ 60. ಮ್ಯಾಜಿಸ್ಟ್ರೇಟರು ಮೊದಲು ಕಸ್ಟಡಿಗೆ ಒಪ್ಪಿಸಿದ (ರಿಮಾಂಡ್) ದಿನವನ್ನೂ ಸೇರಿಸಿ ಎಣಿಸಿ. ಗಡುವು ಮುಗಿದೊಡನೆ, ಚಾರ್ಜ್‌ಶೀಟ್ ಕೋರ್ಟಿಗೆ ಬರುವ ಮೊದಲು ಜಾಮೀನು ಅರ್ಜಿ ಬೀಳಬೇಕು. ಚಾರ್ಜ್‌ಶೀಟ್ ಮೊದಲು ಬಂದರೆ ಆ ಹಕ್ಕು ಹೋಯಿತು.

ರಾಜಿಯಾದರೆ ಕೇಸ್ ಮುಗಿಯಿತಾ? ದೂರು ಕೊಟ್ಟವರು ಸ್ಟೇಷನ್ನಿನಲ್ಲಿ ‘ಬೇಡ’ ಎಂದು ಬರೆದುಕೊಟ್ಟ ಮಾತ್ರಕ್ಕೆ ಎಫ್‌ಐಆರ್ ಹೋಗದು. ಸಣ್ಣ ಹೊಡೆದಾಟದಂಥವು ಕೋರ್ಟಿನಲ್ಲೇ ರಾಜಿಯಾಗುತ್ತವೆ. ಹಳೆಯ ಐಪಿಸಿ 498-ಎಯಂಥ (ಹೆಂಡತಿಗೆ ಗಂಡ, ಅವನ ಮನೆಯವರ ಕಿರುಕುಳ) ರಾಜಿಗೆ ಬಾರದ ಸೆಕ್ಷನ್ ಇದ್ದರೆ ಎರಡೂ ಕಡೆಯವರ ಅಫಿಡವಿಟ್ ಹಿಡಿದು ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗಬೇಕು. ಅಲ್ಲಿಂದ ರದ್ದಾಗುವವರೆಗೆ ಕೆಳಗಿನ ಕೋರ್ಟಿನ ವಾಯಿದೆ ತಪ್ಪಿಸಬೇಡಿ, ರಾಜಿಯಾದ ಕೇಸಿನಲ್ಲೂ ವಾರಂಟ್ ಹೊರಡುತ್ತದೆ.