ಮುಟ್ಟಿ ನೋಡುವ ಹಕ್ಕು

ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ 2015ರಲ್ಲಿ ಆರಂಭವಾದ ‘ಅನುಭವ್’ ಎಂಬ ಸ್ಪರ್ಶ ಗ್ಯಾಲರಿಯಲ್ಲಿ, ಸಂಗ್ರಹದ 22 ಕಲಾಕೃತಿಗಳ ಪ್ರತಿಕೃತಿಗಳನ್ನು ಬ್ರೈಲ್ ಫಲಕ ಹಾಗೂ ಧ್ವನಿ ವಿವರಣೆಯೊಂದಿಗೆ ಇರಿಸಲಾಯಿತು. ದೃಷ್ಟಿಯಿಲ್ಲದವರು ಶಿಲ್ಪವೊಂದರ ಮೇಲೆ ಬೆರಳಾಡಿಸುತ್ತ, ಅದರ ಬಾಗು ಬಳುಕುಗಳನ್ನು ನಿಧಾನವಾಗಿ ತಾವೇ ಗ್ರಹಿಸಬಹುದಾದ ಇಂಥ ಏರ್ಪಾಡು, ಎಷ್ಟೇ ಸೊಗಸಾದ ವರ್ಣನೆಯೂ ಕೊಡಲಾರದ ಅರಿವನ್ನು ಕೊಡುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಆದರೆ ಈ ಕಾಳಜಿ ಒಂದು ಕೋಣೆಗೆ ಸೀಮಿತವಾಗಬಾರದು. ಗಾಲಿಕುರ್ಚಿಯಲ್ಲಿ ಕುಳಿತವರೂ ಓದಬಲ್ಲ ಎತ್ತರದ ಫಲಕಗಳು, ಕಿವುಡರಿಗಾಗಿ ಸಂಜ್ಞಾಭಾಷೆಯ ವಿಡಿಯೊಗಳು (ಇಳಿಜಾರು ದಾರಿಯಂತೂ ಇರಲೇಬೇಕು) ಎಲ್ಲ ವಿಭಾಗಗಳಲ್ಲೂ ಬೇಕು. ಕಲೆಯನ್ನು ಅಂಗವಿಕಲರಿಗೆ ಎಟುಕುವಂತೆ ಮಾಡುವುದು ಸರ್ಕಾರಗಳ ಹೊಣೆಯೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. ನಮ್ಮ ರಾಜ್ಯದ ವಸ್ತುಸಂಗ್ರಹಾಲಯಗಳು ಹೊಯ್ಸಳ ಶಿಲ್ಪಗಳ ಮತ್ತು ವೀರಗಲ್ಲುಗಳ ಕೆಲವು ಪ್ರತಿಕೃತಿಗಳಿಂದಲೇ ಈ ಕೆಲಸವನ್ನು ಆರಂಭಿಸಬಹುದು.