ಕವಲೇದುರ್ಗದ ಮೇಲಿಂದ ಸಮುದ್ರ

ಗೋವಾದ ಅಗುವಾಡ ಕೋಟೆಗೆ ಎರಡು ಸಲ ಹೋಗಿ ಬಂದವಳು ನಾನು. ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರ್ ದೂರ ಇರುವ ಕವಲೇದುರ್ಗವನ್ನು ಮಾತ್ರ ನೋಡಿರಲಿಲ್ಲ. ಅಜ್ಜಿಮನೆ ಇರುವುದು ಅಲ್ಲೇ ಪಕ್ಕದಲ್ಲಿ. ಹೇಳಿಕೊಳ್ಳೋಕೆ ನಾಚಿಕೆ.

ದಸರಾ ರಜೆಯಲ್ಲಿ ಹೋದಾಗ ಮಾವ ಸುಮ್ನೆ ಮಾತಿಗೆ ಹೇಳಿದರು. "ಮೋಡ ಇಲ್ದಿದ್ರೆ ಅಲ್ಲಿಂದ ಸಮುದ್ರ ಕಾಣ್ತದೆ ಮಾರಾಯ್ತಿ."

"ನೀವು ನೋಡಿದ್ದೀರಾ ಮಾವ?"

"ನಾನಿಲ್ಲ. ಅಪ್ಪ ನೋಡಿದ್ರಂತೆ."

ನಮ್ಮಜ್ಜ ಮರದಲ್ಲಿರುವ ಅಡಿಕೆ ಕೊನೆಯನ್ನೂ ಒಂದೆರಡು ಜಾಸ್ತಿ ಸೇರಿಸಿಯೇ ಎಣಿಸುತ್ತಿದ್ದವರು. ಆದರೂ ಮರುದಿನ ಬೆಳಿಗ್ಗೆ ಹೊರಟೆವು.

ಕಾರು ನಿಲ್ಲಿಸಿ ಗದ್ದೆ ಅಂಚಿನ ಮೇಲೆ ನಡೆಯಬೇಕು. ಭತ್ತ ತೆನೆಗೆ ಬರುತ್ತಿತ್ತು. ಗದ್ದೆ ದಾಟಿದ ಮೇಲೆ ಕಲ್ಲು ಹಾಸಿದ ದಾರಿ, ಅದರ ಮೇಲೆ ಪಾಚಿ, ಪಾಚಿಯ ಮೇಲೆ ಉಂಬಳ. ಮಳೆ ಮುಗಿದಿದೆ, ಇನ್ನೇನು ಇರಲ್ಲ ಅಂದುಕೊಂಡು ಚಪ್ಪಲಿಯಲ್ಲೇ ಬಂದಿದ್ದೆ. ಹತ್ತು ನಿಮಿಷದಲ್ಲಿ ಮೂರು ಹತ್ತಿದವು. ಮಾವ ಎಲೆ ಅಡಿಕೆ ಸಂಚಿಯಿಂದ ಸುಣ್ಣ ತೆಗೆದು ತಾಗಿಸಿದರು. ಉದುರಿ ಬಿದ್ದವು. ನನ್ನ ಕಾಲಿನ ರಕ್ತ ಮಾತ್ರ ಬೇಗ ನಿಲ್ಲಲಿಲ್ಲ.

ಹೆಬ್ಬಾಗಿಲು ದಾಟಿದರೆ ಕೋಟೆ ಮುಗಿಯಲಿಲ್ಲ. ಮತ್ತೊಂದು ಸುತ್ತು ಗೋಡೆ, ಮತ್ತೊಂದು ಬಾಗಿಲು. ದಾರಿ ತಿರುಗುವ ಕಡೆ ನಿಂತು ನೋಡಿದರೆ ಮುಂದೇನಿದೆ ಅಂತ ಗೊತ್ತಾಗುವುದಿಲ್ಲ, ಆದರೆ ಗೋಡೆಯ ಮೇಲೆ ನಿಂತವನಿಗೆ ನಾವು ಪೂರ್ತಿ ಕಾಣುತ್ತೇವೆ. ಬಾಗಿಲ ಪಕ್ಕದಲ್ಲಿ ಕಾವಲಿನವರು ಕೂರುವ ಜಗಲಿ. ಮಾವ ಅಲ್ಲಿ ಕೂತೇ ಬಿಟ್ಟರು. "ಒಳ್ಳೆ ಕೆಲಸ. ಕೂತಲ್ಲೇ ಸಂಬಳ."

ಒಳಗೆ ಕಾಶಿ ವಿಶ್ವನಾಥನ ದೇವಸ್ಥಾನ, ಎದುರಿಗೆ ಎರಡು ಕಂಬ. ಎಲ್ಲರೂ ಅಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಇಷ್ಟವಾದದ್ದು ಅರಮನೆ. ಅರಮನೆ ಅಂದರೆ ಈಗ ಅಡಿಪಾಯ ಅಷ್ಟೇ. ಮಾಡು ಇಲ್ಲ, ಗೋಡೆ ಇಲ್ಲ, ಕಂಬ ಕೂರಿಸಿದ್ದ ಕಲ್ಲುಗಳು ಸಾಲಾಗಿ ಉಳಿದಿವೆ. ಮರದ ಕೆಲಸವೆಲ್ಲ ಮಳೆಗೆ ಹೋಯಿತು, ಉಳಿದದ್ದು ಕಲ್ಲು. ಅಡುಗೆಮನೆಯ ಕಲ್ಲಿನ ಒಲೆ ಕೂಡ ಉಳಿದಿದೆ. ಪಟ್ಟಾಭಿಷೇಕ ಎಲ್ಲಿ ನಡೆಯಿತೋ ಏನೋ, ಅನ್ನ ಎಲ್ಲಿ ಬೆಂದಿತು ಅನ್ನೋದು ಮಾತ್ರ ಗೊತ್ತು. ಮಾವ ನೀರು ಹೋಗುವ ದಾರಿ ಹುಡುಕುತ್ತಾ ಬಗ್ಗಿ ಬಗ್ಗಿ ನೋಡಿದರು. ಮಲೆನಾಡಿನ ತೋಟಗಾರನಿಗೆ ಬಸಿಗಾಲುವೆಗಿಂತ ದೊಡ್ಡ ಶಿಲ್ಪ ಇಲ್ಲ.

ಹಸಿವಾಯಿತು. ಕಡುಬಿನ ಬುತ್ತಿ ಕಾರಿನಲ್ಲೇ ಉಳಿದಿತ್ತು. ಯಾರು ಮರೆತದ್ದು ಅನ್ನುವ ಚರ್ಚೆ ತುದಿಯವರೆಗೂ ನಡೆಯಿತು.

ತುದಿಯಲ್ಲಿ ಶಿಖರೇಶ್ವರನ ಪುಟ್ಟ ಗುಡಿ. ಹತ್ತಿ ನಿಂತರೆ ಪಶ್ಚಿಮಕ್ಕೆ ಪೂರ್ತಿ ಬಿಳಿ. ಮಂಜು ಹಾಲು ಉಕ್ಕಿದ ಹಾಗೆ ಕೆಳಗಿನಿಂದ ಬರುತ್ತಿತ್ತು. ಬಂಡೆಯ ಮೇಲೆ ಕೂತೆವು.

"ಇಷ್ಟು ಕಲ್ಲು ಹೊರಿಸೋಕೆ ದುಡ್ಡು ಎಲ್ಲಿಂದ ಬಂತು? ಗದ್ದೆ ಕಂದಾಯದಲ್ಲಿ ಆಗಲ್ಲ," ಅಂದರು ಮಾವ.

"ನಿಮ್ಮ ತೋಟದಲ್ಲಿರೋ ಕಾಳುಮೆಣಸಿನಿಂದಲೇ."

ಅವರು ನಂಬಲಿಲ್ಲ. ಕಳೆದ ಮಳೆಯಲ್ಲಿ ಸೊರಗು ರೋಗಕ್ಕೆ ಅರ್ಧ ಮೆಣಸಿನ ಬಳ್ಳಿ ಕಳೆದುಕೊಂಡವರು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದದ್ದು, ಅವಳ ನಾಡು ಆಮೇಲೆ ಈ ಕೋಟೆಯನ್ನು ಆಳಿದ ಕೆಳದಿ ನಾಯಕರ ಕೈ ಸೇರಿದ್ದು ಹೇಳಿದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಗೋವಾದಿಂದ ಹೊರಟು, ಪೋರ್ಚುಗೀಸ್ ರಾಯಭಾರಿಯ ಜೊತೆ ಘಟ್ಟ ಹತ್ತಿ ಕೆಳದಿಯವರ ಆಗಿನ ರಾಜಧಾನಿ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದಿದ್ದ. 1650ರ ದಶಕದಲ್ಲಿ ಶಿವಪ್ಪ ನಾಯಕ ಹೊನ್ನಾವರ, ಗಂಗೊಳ್ಳಿ, ಮಂಗಳೂರುಗಳಲ್ಲಿದ್ದ ಪೋರ್ಚುಗೀಸರ ಕೋಟೆಗಳನ್ನೇ ಕಿತ್ತುಕೊಂಡ. ಘಟ್ಟದ ಮೇಲೆ ಕೂತವರ ಕಣ್ಣು ಯಾವಾಗಲೂ ಬಂದರಿನ ಮೇಲೆ. 1763ರಲ್ಲಿ ಹೈದರಾಲಿ ಕೆಳದಿಯವರ ಕೊನೆಯ ರಾಜಧಾನಿ ಬಿದನೂರು ಹಿಡಿದಾಗ ಅವನಿಗೆ ಸಿಕ್ಕಿದ್ದೂ ಈ ಮೆಣಸಿನ ವ್ಯಾಪಾರದಲ್ಲಿ ಕೂಡಿಟ್ಟ ದುಡ್ಡೇ ಅಂತ ನನ್ನ ಲೆಕ್ಕ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆಗ ಸೊರಗು ರೋಗ ಇರಲಿಲ್ಲ ಅನ್ಸತ್ತೆ."

ಹನ್ನೊಂದರ ಹೊತ್ತಿಗೆ ಮಂಜು ಒಂದು ಕಡೆ ಹರಿಯಿತು. ಕೆಳಗೆ ಕಾಡು, ಅದರ ನಡುವೆ ತಗಡಿನ ಹಾಗೆ ಮಿಂಚುವ ನೀರು.

"ನೋಡು! ಹೇಳಿರಲಿಲ್ವಾ?"

"ಮಾವ, ಅದು ವಾರಾಹಿ ಹಿನ್ನೀರು. ಅಜ್ಜ ನೋಡಿದ್ದೂ ಅದನ್ನೇ ಇರಬೇಕು."

ಅವರು ನನ್ನ ಕಡೆ ತಿರುಗಿ ಕೂತರು. "ಅಪ್ಪ ಇಲ್ಲಿ ಹತ್ತಿದ್ದು ಮದುವೆಗೆ ಮುಂಚೆ. ಆಗ ಡ್ಯಾಮ್ ಎಲ್ಲಿತ್ತು ಮಾರಾಯ್ತಿ?"

ನನ್ನ ಬಳಿ ಉತ್ತರ ಇರಲಿಲ್ಲ. ಅಷ್ಟರಲ್ಲಿ ಮಂಜು ಮತ್ತೆ ಮುಚ್ಚಿಕೊಂಡಿತು. ಮಾವ ಇನ್ನೊಂದು ಎಲೆಗೆ ಸುಣ್ಣ ಹಚ್ಚುತ್ತಾ, ಇನ್ನರ್ಧ ಗಂಟೆ ಕೂರೋಣ ಅಂದರು.