ಪೆಟ್ರೋಲ್ ನಿಲ್ಲಿಸಿದ ಮೇಲೆ ಚೆನ್ನಾಗಿ ಓಡಿದ ಎಂಜಿನ್

ಎಂಜಿನ್ ಕುಂಟಿಸುತ್ತಿದ್ದ ಕಳ್ಳ ಕೊನೆಗೂ ಸಿಕ್ಕಿದ್ದಾನೆ, ಆದರೆ ನಾನು ಹುಡುಕುತ್ತಿದ್ದ ಕಾರ್ಬ್ಯುರೇಟರಿನಲ್ಲಿ ಅಲ್ಲ.

ಎಂಜಿಬಿಯ (ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಅವಳಿ ಎಸ್‌ಯು ಎಚ್‌ಎಸ್4 ಕಾರ್ಬ್ಯುರೇಟರ್‌ಗಳನ್ನು ಬಿಚ್ಚಿ ತೊಳೆದದ್ದು, ಪೆಟ್ರೋಲ್ ಬಿಡುವ ಜೆಟ್ ಸೆಂಟರ್ ಮಾಡಿದ್ದು, ಎರಡರ ಗಾಳಿಯನ್ನು ಸಮ ಮಾಡಿದ್ದು ಎಲ್ಲ ನಿಮಗೆ ಗೊತ್ತಿರುವ ಕೆಲಸವೇ, ಬಿಡಿ. ತಲೆನೋವು ಶುರುವಾದದ್ದು ಆಮೇಲೆ. ಐಡ್ಲಿಂಗ್‌ನಲ್ಲಿ ಎಂಜಿನ್ ಕುಂಟುತ್ತಿತ್ತು, ಹೊಗೆಯಲ್ಲಿ ಹಸಿ ಪೆಟ್ರೋಲಿನ ವಾಸನೆ. ಗಾಳಿ-ಪೆಟ್ರೋಲಿನ ಅನುಪಾತ ಅಳೆಯಲು ಎಕ್ಸಾಸ್ಟ್ ಪೈಪಿಗೆ ಕೂರಿಸಿದ ವೈಡ್‌ಬ್ಯಾಂಡ್ ಮೀಟರ್ ಮಾತ್ರ 14ರ ಆಸುಪಾಸಿನಲ್ಲಿ ನಿಂತು, ಎಲ್ಲ ಕ್ಷೇಮ ಎನ್ನುತ್ತಿತ್ತು.

ಪ್ಲಗ್ ಬಿಚ್ಚಿದರೆ ಬೇರೆಯೇ ಕಥೆ. 1 ಮತ್ತು 2 ಮಸಿ ಹಿಡಿದು ಕಪ್ಪು, 3 ಮತ್ತು 4 ಬಿಳುಪು. ಈ ಎಂಜಿನ್ನಿನ ಹೆಡ್‌ನಲ್ಲಿ ಇನ್‌ಲೆಟ್ ಪೋರ್ಟ್ ಎರಡೇ: 1-2ಕ್ಕೆ ಒಂದು, 3-4ಕ್ಕೆ ಇನ್ನೊಂದು. ಅಂದರೆ ಮುಂದಿನ ಕಾರ್ಬ್ ರಿಚ್ (ಪೆಟ್ರೋಲ್ ಜಾಸ್ತಿ), ಹಿಂದಿನದು ಲೀನ್ (ಪೆಟ್ರೋಲ್ ಕಡಿಮೆ). ಒಬ್ಬ ಎರಡು ಊಟ ಹೊಡೆದು ಇನ್ನೊಬ್ಬ ಉಪವಾಸ ಬಿದ್ದರೂ ಸರಾಸರಿ ಲೆಕ್ಕದಲ್ಲಿ ಇಬ್ಬರಿಗೂ ಒಂದೊಂದು ಊಟ. ಮೀಟರ್ ಓದುತ್ತಿದ್ದದ್ದು ಅದೇ ಲೆಕ್ಕವನ್ನು.

ಹಿಂದಿನದರ ಕಾರಣ ಬೇಗ ಸಿಕ್ಕಿತು. ಗಾಳಿಯ ಬಾಗಿಲನ್ನು ತಿರುಗಿಸುವ ಥ್ರಾಟಲ್ ಸ್ಪಿಂಡಲ್‌ನ ತುದಿಗೆ ಕಾರ್ಬ್ ಕ್ಲೀನರ್ ಸಿಂಪಡಿಸಿದ ಕೂಡಲೇ ಆರ್‌ಪಿಎಂ ಏರಿತು. ಸವೆದ ಸ್ಪಿಂಡಲ್, ಕಳ್ಳಗಾಳಿ.

ಮುಂದಿನದು ಮೊಂಡ. ಪೆಟ್ರೋಲ್ ಕಡಿಮೆಯಾಗಲೆಂದು ಮಿಕ್ಸ್ಚರ್ ನಟ್ಟನ್ನು ಪೂರ್ತಿ ಮೇಲಕ್ಕೆ ತಿರುಗಿಸಿದರೂ ಪಿನ್ ಒತ್ತಿ ಪಿಸ್ಟನ್ ಎತ್ತಿದಾಗ ಆರ್‌ಪಿಎಂ ಏರಿ ಅಲ್ಲೇ ನಿಲ್ಲುತ್ತಿತ್ತು. ಅಪ್ಪಟ ರಿಚ್. ಚೋಕ್ ಎಳೆದ ಮೇಲೆ ಜೆಟ್ ಕೆಳಗೇ ಸಿಕ್ಕಿಕೊಂಡಿದೆಯೇ ಎಂದು ನೋಡಿದೆ, ಇಲ್ಲ. ಚೇಂಬರಿನ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್‌ನ ಎತ್ತರಕ್ಕೆ 1/8 ಇಂಚಿನ ಡ್ರಿಲ್ ಬಿಟ್ ಇಟ್ಟು ಅಳೆದೆ, ಸರಿಯಾಗಿತ್ತು. ಜೆಟ್ಟೇ ಸವೆದಿರಬಹುದೆಂದು ಒಂದು ಜೋಡಿ ತರಿಸಿದರೆ ಅಂಗಡಿಯವರು ಎರಡನ್ನೂ ಹಿಂದಿನ ಕಾರ್ಬಿನದೇ ಕಳುಹಿಸಿದರು. ಎರಡರ ನೈಲಾನ್ ಟ್ಯೂಬಿನ ಉದ್ದ ಬೇರೆ ಬೇರೆ ಎಂದು ವಿವರಿಸಿದ್ದಕ್ಕೆ, ‘ಬಗ್ಗಿಸಿ ಕೂರಿಸಿ ಸಾರ್’ ಎಂಬ ಉತ್ತರ. ಆ ಟ್ಯೂಬನ್ನು ಯಾವ ಕಡೆಗೆ ಬಗ್ಗಿಸಬೇಕೆಂದು ಅವರಿಗೆ ಹೇಳುವ ಆಸೆಯಾಯಿತು.

ಸುಳಿವು ಕೊಟ್ಟದ್ದು ರಸ್ತೆ. ಒಂದೇ ವೇಗದಲ್ಲಿ ಓಡುವಾಗ ಕುಂಟುವುದೂ ಇಲ್ಲ, ವಾಸನೆಯೂ ಇಲ್ಲ. ಜೆಟ್ ಅಥವಾ ಅದರೊಳಗೆ ಆಡುವ ನೀಡಲ್ ಕೆಟ್ಟಿದ್ದರೆ ಅಲ್ಲಿಯೂ ಕಾಣಬೇಕಿತ್ತು. ಎಂಜಿನ್ನಿಗೆ ಕಡಿಮೆ ಪೆಟ್ರೋಲ್ ಸಾಕಾದಾಗ ಮಾತ್ರ ಪೆಟ್ರೋಲ್ ಹೆಚ್ಚಾಗುತ್ತಿದೆ. ಹಾಗಾಗಿ ಐಡ್ಲಿಂಗ್‌ನಲ್ಲಿ ಇಟ್ಟು ಮುಂದಿನ ಫ್ಲೋಟ್ ಚೇಂಬರಿನ ಹೋಸ್‌ಗೆ ಕ್ಲ್ಯಾಂಪ್ ಹಾಕಿದೆ. ಚೇಂಬರಿನ ಮಟ್ಟ ಇಳಿಯುತ್ತಿದ್ದಂತೆ ಕುಂಟು ನಿಂತಿತು, ಸದ್ದು ದುಂಡಾಯಿತು. ಎಂಜಿನ್ ಅಷ್ಟು ಸೊಗಸಾಗಿ ಓಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಬಳಿಕ ಆ ಎರಡು ಸಿಲಿಂಡರ್ ಹಸಿದು ಕೆಮ್ಮತೊಡಗಿದವು. ಕ್ಲ್ಯಾಂಪ್ ಬಿಚ್ಚಿದೆ, ಹಳೆಯ ಕುಂಟು ವಾಪಸ್.

ಪೆಟ್ರೋಲ್ ಪಂಪಿನ ಸಾಲಿಗೆ ಒತ್ತಡದ ಗೇಜ್ ಸಿಕ್ಕಿಸಿದಾಗ 5 ಪಿಎಸ್‌ಐ. ಎಸ್‌ಯುಗಳಿಗೆ 3ರೊಳಗೆ ಸಾಕು. ಪಂಪಿನ ಡಬ್ಬಿಯ ಮೇಲೆ ‘ಕಡಿಮೆ ಒತ್ತಡ, ಎಲ್ಲ ಕಾರ್ಬ್ಯುರೇಟರ್‌ಗೂ ಹೊಂದುತ್ತದೆ’ ಎಂದು ದೊಡ್ಡಕ್ಷರದಲ್ಲಿ ಮುದ್ರಿಸಿದ್ದರು. ಆ ಒತ್ತಡ, ಚೇಂಬರ್ ತುಂಬಿದಾಗ ಪೆಟ್ರೋಲ್ ತಡೆಯಬೇಕಾದ ನೀಡಲ್ ವಾಲ್ವನ್ನು ಸೀಟಿನಿಂದ ತಳ್ಳಿ ಪೆಟ್ರೋಲ್ ನುಗ್ಗಿಸುತ್ತಿತ್ತು. ಹಿಂದಿನ ವಾಲ್ವ್ ಹೊಸದು, ತಡೆದುಕೊಂಡಿತ್ತು. ಮುಂದಿನದರ ತುದಿಯಲ್ಲಿ ಸವೆತದ ಉಂಗುರ ಬಿದ್ದಿತ್ತು. ಹೊರಗೆ ಸೋರುವಷ್ಟು ಅಲ್ಲ, ಮಟ್ಟ ಏರುವಷ್ಟು ಮಾತ್ರ. ಅದಕ್ಕೇ ಕಣ್ಣಿಗೆ ಬೀಳಲಿಲ್ಲ.

ರೆಗ್ಯುಲೇಟರ್ ಹಾಕಿ 2.5ಕ್ಕೆ ಇಳಿಸಿದೆ, ವಾಲ್ವ್ ಬದಲಿಸಿದೆ. ಈಗ ನಟ್ ಒಂದು ಮುಖ ತಿರುಗಿದರೂ ಎಂಜಿನ್ ಓಗೊಡುತ್ತದೆ. 1 ಮತ್ತು 2ರ ಪ್ಲಗ್ ಕಂದು.

ಸ್ಪಿಂಡಲ್ ಬರುವವರೆಗೆ ಕೈ ಸುಮ್ಮನಿರುವುದಿಲ್ಲ. ಹಳೆಯ ಡ್ರಿಲ್ ಮೋಟಾರು, ಸ್ಟ್ರೋಬ್ ಲೈಟು, ಕೋನ ಅಳೆಯುವ ತಟ್ಟೆ ಸೇರಿಸಿ ಪ್ಲಗ್‌ಗಳಿಗೆ ಕಿಡಿ ಹಂಚುವ ಲ್ಯೂಕಾಸ್ ಡಿಸ್ಟ್ರಿಬ್ಯೂಟರಿನ ಅಡ್ವಾನ್ಸ್ (ಕಿಡಿ ಎಷ್ಟು ಮುಂಚೆ ಹಾರುತ್ತದೆ ಎಂಬುದು) ಅಳೆಯುವ ಬೆಂಚ್ ಕಟ್ಟುವ ಯೋಚನೆಯಿದೆ. ಅದರ ಸ್ಪ್ರಿಂಗ್‌ಗಳ ಮೇಲೆ ನನಗೆ ಬಹಳ ದಿನಗಳಿಂದ ಅನುಮಾನ. ಸ್ಪಿಂಡಲ್ ಮಾತ್ರ ಬೇರೆ ಅಂಗಡಿಯಿಂದ ಬರಲಿದೆ. ಆರ್ಡರ್‌ನಲ್ಲಿ ‘ಹಿಂದಿನದು’ ಎಂದು ದಪ್ಪಕ್ಷರದಲ್ಲಿ ಬರೆದು ಫೋಟೋ ಕೂಡ ಲಗತ್ತಿಸಿದ್ದೇನೆ.